ಮರಿಸಿದ್ದಯ್ಯ ಜಾವಾಕ್ಕೆ ಹೋದದ್ದು

ನಮ್ಮ ಮದ್ದೂರಿನಿಂದ ಜಾವಾ ದೇಶಕ್ಕೆ ಮೊಟ್ಟಮೊದಲು ಹೋದವನು ಗಾಡಿ ಮರಿಸಿದ್ದಯ್ಯ. ಹೋದದ್ದು ಎರಡನೆಯ ಮಹಾಯುದ್ಧ ಶುರುವಾದ ವರ್ಷ, ಶ್ರಾವಣದ ಕೊನೆಯಲ್ಲಿ. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಮನೆಯಿಂದ ಹೊರಟವನು ಓಣಿ ದಾಟಿ ಎದುರಿಗಿದ್ದ ನಮ್ಮ ಮನೆಯಲ್ಲಿ ಇಳಿದ. ಅಲ್ಲಿಂದ ವಾರಗಟ್ಟಲೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಈಗಿನವರಿಗೆ ಟಿಕೇಟು ತೆಗೆದುಕೊಂಡರೆ ಪ್ರಯಾಣ. ಆಗ ಹಾಗಿರಲಿಲ್ಲ, ಒಳ್ಳೆಯ ಗಳಿಗೆ ನೋಡಿ ಮನೆ ಬಿಡಬೇಕಿತ್ತು. ರೈಲಿನವರು ಪಂಚಾಂಗ ನೋಡುವುದಿಲ್ಲವಲ್ಲ! ರೈಲಿಗಿಂತ ಮುಂಚೆ ಗಳಿಗೆ ಬಂದುಬಿಟ್ಟರೆ ಅಕ್ಕಿ, ಅರಿಸಿನದ ಕೊಂಬು, ತೆಂಗಿನಕಾಯಿ, ಒಂದು ಪಂಚೆ ಸೇರಿಸಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಿದ್ದರು. ಇದಕ್ಕೆ ಪರಸ್ಥಾನ ಇಡುವುದು ಎನ್ನುತ್ತಿದ್ದರು. ಗಂಟು ಹೊರಟರೆ ಮನುಷ್ಯನೇ ಹೊರಟ ಹಾಗೆ. ಆಮೇಲೆ ಯಾತ್ರೆ ಮುಗಿಸದೆ ಆ ಗಂಟು ಮನೆಯ ಹೊಸಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ.

ಮರಿಸಿದ್ದಣ್ಣನ ಮನೆಗೆ ಸರಿಯಾಗಿ ಮೂಡಲಿಗೆ ಇದ್ದದ್ದು ನಮ್ಮ ಮನೆ. ನನ್ನ ಅಣ್ಣ ನಜೀರ್ ಅಹ್ಮದ್ ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ. ನಾನು, ಕಬೀರ, ಹೆಂಡತಿ ಬಂದಿದ್ದರೂ ಅವನ ಕೈಕೆಳಗೆ ತಿದಿ ಒತ್ತುತ್ತಿದ್ದೆ. ಮರಿಸಿದ್ದಣ್ಣ ಕೊಪ್ಪದ ಕಡೆಯಿಂದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಅವನ ಚಕ್ರ ಕೆಡುತ್ತಿದ್ದದ್ದೂ ನಮ್ಮ ಒಲೆ ಉರಿಯುತ್ತಿದ್ದದ್ದೂ ಒಂದೇ ಲೆಕ್ಕ. ಅವನ ತಾಯಿ ಪಟ್ಟಲಮ್ಮಜ್ಜಿ ಮತ್ತು ನಮ್ಮಮ್ಮ ಬಿಬಿ ಜಾನ್, ಇಬ್ಬರೂ ಆ ಓಣಿಗೆ ಸೊಸೆಯಾಗಿ ಬಂದವರು. ಅಂದಿನಿಂದ ಆಕೆ ತನ್ನ ಬಾಗಿಲಲ್ಲಿ, ಈಕೆ ತನ್ನ ಬಾಗಿಲಲ್ಲಿ ನಿಂತು ಊರಿನ ಸುದ್ದಿಯನ್ನೆಲ್ಲ ಆಡಿ ಮುಗಿಸಿದ್ದರು. ಆದರೆ ಅಜ್ಜಿ ನಮ್ಮ ಹೊಸಿಲು ತುಳಿದವಳಲ್ಲ. ಮಡಿಯ ಹೆಂಗಸು. ನಮ್ಮಮ್ಮನೂ ಕರೆದವಳಲ್ಲ. ಕರೆದು ಇಲ್ಲ ಅನ್ನಿಸಿಕೊಳ್ಳುವುದು ಯಾಕೆ ಎಂದು ಸುಮ್ಮನಿದ್ದಳು.

ಇದೆಲ್ಲಕ್ಕೂ ಕಾರಣ ಪೂರಿಗಾಲಿಯ ಶಿವಯ್ಯ, ಮರಿಸಿದ್ದಣ್ಣನ ಬೀಗ. ಮರಿಸಿದ್ದಣ್ಣನಿಗೆ ಇದ್ದದ್ದು ಒಬ್ಬಳೇ ಮಗಳು ಹೊಂಬಾಳಮ್ಮ. ಅವಳನ್ನು ಪೂರಿಗಾಲಿಗೆ ಕೊಟ್ಟಿದ್ದ. ಬೀಗರೂಟದ ದಿನ ಶಿವಯ್ಯ ಎಲೆಯಡಿಕೆ ಹಾಕಿಕೊಂಡು ಕೇಳಿದ:

"ಬೀಗ್ರೆ, ಸಮುದ್ರ ನೋಡಿದ್ದೀರಾ?"

"ಕನ್ನಂಬಾಡಿ ನೋಡಿವ್ನಿ."

"ಅದು ಕಟ್ಟೆ ಕಣ್ರೀ. ನಾನು ರಾಮೇಸ್ವರಕ್ಕೆ ಓಗ್ಬಂದೋನು. ದ್ವೀಪ ಅದು. ಸುತ್ತಾ ಎತ್ಲಾಗ್ ತಿರುಗುದ್ರೂ ನೀರೇ."

ಪಂಕ್ತಿಯೆಲ್ಲ ಬಾಯಿ ಬಿಟ್ಟುಕೊಂಡು ಶಿವಯ್ಯನನ್ನೇ ನೋಡಿತು. ಹೆಣ್ಣಿನ ಕಡೆಯವರ ಮಾನ ಪಾಯಸದ ಹಂಡೆಗೆ ಬಿತ್ತು. ಅದನ್ನು ಮೇಲೆತ್ತಬೇಕಾಗಿದ್ದವನು ಮರಿಸಿದ್ದಣ್ಣ. ಅವನಿಗೆ ಮಂಡ್ಯದಲ್ಲಿ ಆಲೆಯಂತ್ರ ಮಾರುವ ಏಜೆಂಟರ ಗೋಡೆಯ ಮೇಲಿದ್ದ ಕ್ಯಾಲೆಂಡರು ನೆನಪಾಯಿತು. ನೀಲಿ ನೀರು, ತೆಂಗಿನ ಮರ, ಕಣ್ಣು ಕುಕ್ಕುವ ಬಿಸಿಲು, ಹೊಂಗೆ ಹೂವು ಉದುರಿದಂತೆ ಎಲ್ಲೆಲ್ಲೂ ದ್ವೀಪ. ಕೆಳಗೆ ಜಾವಾ ಎಂದು ಬರೆದಿದ್ದರಂತೆ, ಏಜೆಂಟರೇ ಓದಿ ಹೇಳಿದ್ದರು.

"ಒಂದು ದ್ವೀಪಕ್ಕೆ ಇಷ್ಟ್ ಮಾತಾ?" ಎಂದ ಮರಿಸಿದ್ದಣ್ಣ. "ನಾವು ನಾಕ್ ಜನ ಓಯ್ತಾ ಇರೋ ದೇಸದಲ್ಲಿ ದ್ವೀಪಕ್ಕೆ ಲೆಕ್ಕಾನೇ ಇಲ್ಲ. ಜಾವಾ. ಸುಮ್ನೆ ಓಗಿ, ಓಡಾಡ್ಕೊಂಡು, ಬರಾದು."

ಆ ನಾಲ್ಕು ಜನ ಯಾರು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ನಮ್ಮ ಕುಲುಮೆಗೆ ಬಂದು, ಇದ್ದವರನ್ನು ಎಣಿಸಿದ. ಅಣ್ಣ ಇದ್ದ, ನಾನಿದ್ದೆ, ಚಿಮಟ ರಿಪೇರಿಗೆ ಬಂದಿದ್ದ ಕಾಫಿ ಹೋಟೆಲಿನ ಕರಿಯಪ್ಪ ಇದ್ದ. ಹಾಗೆ ನಾವು ಜಾವಾಕ್ಕೆ ಹೊರಟೆವು.

ಆಹಾ, ಆ ತಿಂಗಳುಗಳು! ಹೋಗದ ಊರಿಗೆ ದಾರಿ ಕೇಳುವುದರಲ್ಲಿರುವ ಸುಖ ಹೋದ ಊರಿನಲ್ಲಿ ನನಗೆ ಎಂದೂ ಸಿಕ್ಕಿಲ್ಲ. ಸಂಜೆ ಬೆಂಕಿ ಆರಿಸಿ ಚಕ್ರದ ನಡುವಿನ ಗುಂಬದ ಮೇಲೆ ಕುಳಿತರೆ ನಾವು ಹಡಗಿನಲ್ಲೇ ಇರುತ್ತಿದ್ದೆವು.

"ಅಲ್ಲಿ ವರ್ಸವೆಲ್ಲ ಬಿಸ್ಲಂತೆ ಕಣ್ರಲಾ," ಎನ್ನುತ್ತಿದ್ದ ಮರಿಸಿದ್ದಣ್ಣ.

"ಬಿಸ್ಲು ನೋಡಕ್ಕೆ ಅಲ್ಲಿಗಂಟ ಯಾಕ್ಲಾ ಓಗ್ಬೇಕು?" ಎಂದು ಕರಿಯಪ್ಪ. "ನಮ್ ಮಂಡ್ಯದ ಬಿಸ್ಲಿಗೆ ಏನ್ ಬಂದಿರಾದು?"

"ಇದು ಕೆಲ್ಸ ಮಾಡೋ ಬಿಸ್ಲು. ಅದು ಸುಮ್ನೆ ಕೂತ್ಕಂಡು ಕಾಯಿಸ್ಕೊಳ್ಳೋ ಬಿಸ್ಲು."

ಕರಿಯಪ್ಪನಿಗೆ ನೀರಿನ ಚಿಂತೆ. ಶಿಂಷಾ ನೀರು ಬಿಟ್ಟು ಬೇರೆ ಕುಡಿದರೆ ಅವನಿಗೆ ಹೊಟ್ಟೆ ಕೆಡುತ್ತಿತ್ತು, ಪೀಪಾಯಿಯಲ್ಲಿ ತುಂಬಿಸಿಕೊಂಡು ಹೋಗೋಣ ಎಂದ. ಮರಿಸಿದ್ದಣ್ಣ ರಾಗಿ ಹಿಟ್ಟಿನ ಮೂಟೆ ಸಾಕಾಗದೆಂದು ರಾಗಿಯನ್ನೂ ರಾಗಿಕಲ್ಲನ್ನೂ ಹಡಗಿಗೆ ಹೇರಿಸುವ ಯೋಚನೆ ಮಾಡಿದ. ಕಲ್ಲು ಹೇರಿದರೆ ಹಡಗು ಮುಳುಗುತ್ತದೋ ಇಲ್ಲವೋ ಎಂಬ ಚರ್ಚೆ ಇಡೀ ವಾರ ನಡೆಯಿತು. ಅಷ್ಟೊಂದು ದ್ವೀಪಗಳಲ್ಲಿ ಯಾವುದರಲ್ಲಿ ಉಳಿಯುವುದು ಎಂದು ಅಣ್ಣ ಕೇಳಿದಾಗ ಮರಿಸಿದ್ದಣ್ಣ ಉದಾರವಾಗಿ, "ತಲೆಗೊಂದೊಂದು ತಗಳ್ರಲಾ, ಸಂಜೆ ಮ್ಯಾಲೆ ದೋಣಿ ಕಟ್ಕೊಂಡು ಒಬ್ರ ಮನೆಗೊಬ್ರು ಬರಾದು," ಎಂದ.

ಕೊನೆಗೆ ಆಲೆಯಂತ್ರದ ಏಜೆಂಟರೇ ಹಡಗಿನ ಕಚೇರಿಗೆ ಬರೆದು ನಾಲ್ವರಿಗೂ ಜಾಗ ಗೊತ್ತುಮಾಡಿಕೊಟ್ಟರು. ಮದರಾಸಿನಿಂದ ಹಡಗು. ಬರುವ ವಾರದ ರೈಲಿಗೆ ಬೆಂಗಳೂರು ಮೇಲೆ ಹೋಗಿ ಹಿಡಿಯಬೇಕು. ಜೋಯಿಸರು ಪಂಚಾಂಗ ಮಗುಚಿ ನೋಡಿ, ಭಾದ್ರಪದ ಒಳ್ಳೆಯದಲ್ಲ, ಶ್ರಾವಣದಲ್ಲಿ ಉಳಿದಿರುವುದು ಬರುವ ಗುರುವಾರ ಒಂದೇ ಎಂದರು. ಆ ಗುರುವಾರದಿಂದ ರೈಲಿಗೆ ಇನ್ನೂ ಕೆಲವು ದಿನವಿತ್ತು. ಮುಖಂಡ ಮರಿಸಿದ್ದಣ್ಣನದೊಂದು ಪರಸ್ಥಾನ ಇಟ್ಟರೆ ನಾಲ್ವರಿಗೂ ಆಯಿತು ಎಂದು ನಿಶ್ಚಯವಾಯಿತು.

"ಮೂಡ್ಲಿಗೆ ಇರಾದು ಸಾಬ್ರ ಮನೆಯಲ್ಲಾ ಜೋಯಿಸ್ರೆ?" ಎಂದು ಪಟ್ಟಲಮ್ಮಜ್ಜಿ ಕೇಳಿದಳು.

"ದಿಕ್ಕಿಗೆ ಯಾವ ಜಾತಿಯಮ್ಮ?" ಎಂದರು ಜೋಯಿಸರು. ದಕ್ಷಿಣೆಯೂ ಹಾಗೆಯೇ ಎನ್ನುವಂತೆ ಕೈ ಚಾಚಿದರು.

ಗಂಟು ಒಂದನ್ನು ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಗುರುವಾರವೇ ಶಿವಯ್ಯ ದಿನ ತುಂಬುತ್ತಿದ್ದ ಸೊಸೆ ಹೊಂಬಾಳಮ್ಮನನ್ನು ಬಾಣಂತನಕ್ಕೆ ಬಿಡಲು ಬಂದಿಳಿದ. ರಾಮೇಶ್ವರ ಕಂಡ ಬೀಗನ ಎದುರಿಗೆ ಬರಿಯ ಗಂಟು ಹೊರಡಿಸಿದರೆ ಏನು ಶೋಭೆ? "ಗಂಟು ಯಾಕೆ, ನಾನೇ ಒಂಟ್ಬುಡ್ತೀನಿ!" ಎಂದ ಮರಿಸಿದ್ದಣ್ಣ. ವಾಲಗದವರು ಬಂದರು. ಹೆಂಡತಿ ಚಲುವಮ್ಮ ಆರತಿ ಎತ್ತಿದಳು. ಮನೆದೇವರ ಮುಂದೆ ಕಾಯಿ ಒಡೆದು, "ಜಾವಾಕ್ಕೆ ಓಗ್ಬತ್ತೀನಿ ತಾಯಿ," ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ತಾಯಿಯ ಕಾಲಿಗೆ ಬಿದ್ದು, ಹಿಂದಿರುಗಿ ನೋಡದೆ ಓಣಿ ದಾಟಿ ನಮ್ಮ ಜಗಲಿ ಹತ್ತಿದ. ರೈಲು ಬರುವವರೆಗೆ ನಮ್ಮಲ್ಲಿ ಮಲಗುವುದು, ಊಟ ಅವನ ಮನೆಯಿಂದಲೇ ಬರುವುದು ಎಂದು ಮಾತಾಗಿತ್ತು. ಶಿವಯ್ಯ ಮುಖ ಸಣ್ಣದು ಮಾಡಿಕೊಂಡು ಪೂರಿಗಾಲಿಗೆ ಹೋದ.

ಆ ಭಾನುವಾರ ಯುದ್ಧ ಶುರುವಾಯಿತು. ಹಡಗಿನ ಕಚೇರಿಯಿಂದ ತಂತಿ ಬಂತು: ಜನರನ್ನು ಕರೆದೊಯ್ಯುವುದಿಲ್ಲ, ಮುಂದಿನ ಸುದ್ದಿ ಬರುವವರೆಗೆ ಕಾಯಿರಿ.

ಕರಿಯಪ್ಪ ಹೋಟೆಲಿಗೆ ಹೋದ. ಅಣ್ಣ ಚಕ್ರ ಹಿಡಿದ. ನಾನು ತಿದಿ ಹಿಡಿದೆ. ಮರಿಸಿದ್ದಣ್ಣ ಚಾಪೆ ಸುತ್ತಿಕೊಂಡು ಮನೆಯ ಕಡೆಗೆ ಹೆಜ್ಜೆ ಇಟ್ಟ. ಬಾಗಿಲಿಗೆ ಅಡ್ಡಲಾಗಿ ಪಟ್ಟಲಮ್ಮಜ್ಜಿ ಕೂತಿದ್ದಳು.

"ಎಲ್ಲಿಗ್ಲಾ?"

"ಒಳೀಕೆ ಕಣವ್ವ. ಅಡಗು ನಿಂತೋಯ್ತು."

"ಅಡಗು ನಿಂತದೆ, ಪರಸ್ತಾನ ನಿಂತದಾ? ದ್ಯಾವ್ರ ಮುಂದೆ ಏಳಿ ಒಂಟೋನು ನೀನು. ಜಾವಾ ನೋಡ್ಕೊಂಡು ಬಾ."

"ಅವ್ವಾ, ಯುದ್ದ ಕಣವ್ವ!"

"ಮುಗುದ್ ಮ್ಯಾಲೆ ಓಗು."

ಹಟವೆಂದು ನಾವೆಲ್ಲ ನಕ್ಕೆವು. ಆದರೆ ಅದು ಬರಿಯ ಹಟವಲ್ಲ. ಅಜ್ಜಿಯ ಗಂಡ ಹಿಂದೊಮ್ಮೆ ತಿರುಪತಿಗೆಂದು ಗಂಟು ಕಟ್ಟಿ ಹೊರಟು, ಬೆಂಗಳೂರಿನಲ್ಲಿ ಜ್ವರ ಬಂದಿತೆಂದು ಅರ್ಧಕ್ಕೇ ವಾಪಸಾಗಿ ಇದೇ ಹೊಸಿಲು ದಾಟಿದ್ದ. ಆ ತಿಂಗಳು ಮುಗಿಯುವುದರೊಳಗೆ ಅವನೂ ಹೋದ, ತೊಟ್ಟಿಲಲ್ಲಿದ್ದ ಹೆಣ್ಣುಮಗುವೂ ಹೋಯಿತು. ಈಗ ಮನೆಯಲ್ಲಿ ತುಂಬಿದ ಬಸುರಿ ಇದ್ದಳು. ಇದನ್ನು ಅಜ್ಜಿ ನೆನಪಿಸಿದ ಮೇಲೆ ಮರಿಸಿದ್ದಣ್ಣನೇ ಚಾಪೆಯನ್ನು ಹಿಂದಕ್ಕೆ ತಂದು ಬಿಚ್ಚಿದ.

ಕರಿಯಪ್ಪ ಒಂದು ದಾರಿ ಹುಡುಕಿದ. "ಬೆಳಕವಾಡಿ ದಾಟುದ್ರೆ ಶಿವನಸಮುದ್ರ. ಸುತ್ತಾ ಕಾವೇರಿ. ದ್ವೀಪ ಅಂದ್ರೆ ದ್ವೀಪವೇ. ಬಸ್ಸಲ್ಲಿ ಓಗಿ ಸಂಜೀಕೆ ಬಂದ್ಬುಡ್ಲಿ ಕಣಜ್ಜಿ."

"ಮೂಡ್ಲಿಗೆ ಒಂಟೋನು ತೆಂಕ್ಲಿಗೆ ಓಗಾದಾ?" ಎಂದಳು ಅಜ್ಜಿ. "ತೆಂಕ್ಲು ಯಮನ ದಿಕ್ಕು ಕಣಯ್ಯ. ಕಾಫಿ ಕಾಯ್ಸೋಗು."

ಹೀಗೆ ಮರಿಸಿದ್ದಣ್ಣ ಜಾವಾದಲ್ಲಿ ನೆಲೆಸಿದ. ಹೌದು, ಓಣಿಯವರು ನಮ್ಮ ಮನೆಯನ್ನು ಆಗಿನಿಂದಲೇ ಜಾವಾ ಎನ್ನತೊಡಗಿದರು. "ಜಾವಾದಿಂದ ಚೂರು ಕೆಂಡ ತಗಂಬಾರವ್ವ," "ಜಾವಾದ ಕೋಳಿ ನಮ್ ಇತ್ಲಿಗೆ ಬಂದೈತೆ ನೋಡು." ಮಧ್ಯಾಹ್ನ ಚಲುವಮ್ಮ ಮುದ್ದೆ ಸಾರಿನ ಬುಟ್ಟಿಯನ್ನು ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಿದ್ದಳು. ಗಂಡನೊಡನೆ ಮಾತಾಡುವಂತಿರಲಿಲ್ಲ. "ಇಲ್ಲಿಂದ ಕೂಗುದ್ರೆ ಜಾವಾಕ್ಕೆ ಕೇಳ್ತದೇನೆ?" ಎಂದು ಅತ್ತೆ ಗದರಿದ್ದಳು. ಅದಕ್ಕೆ ಅವಳು ಕೋಳಿಯೊಡನೆ ಮಾತಾಡುತ್ತಿದ್ದಳು: "ಕರಿ ಎತ್ತು ಉಲ್ಲು ಮುಟ್ನಿಲ್ಲ ಕಣೇ ಕೋಳಿ, ಏನ್ ಮಾಡಾದು?" ಮರಿಸಿದ್ದಣ್ಣ ನಮ್ಮ ಕಂಬಕ್ಕೆ ಹೇಳುತ್ತಿದ್ದ: "ಬಾಯ್ಗೆ ಉಪ್ಪು ಅರಿಸ್ನ ತಿಕ್ಕು ಅಂತ ಏಳಪ್ಪಾ ಕಂಬ."

ನಮ್ಮಮ್ಮ ಚಹಾ ಮಾಡುತ್ತಿದ್ದಳು. ಮೊದಮೊದಲು ಅವನು ಬೇಡವೆಂದು ಮುಖ ತಿರುಗಿಸಿದ. ಆಮೇಲೆ ಮೂಗು ತಿರುಗಿತು, ಕೊನೆಗೆ ಕೈಯೂ ಮುಂದೆ ಬಂತು. ಒಂದು ಬೆಳಿಗ್ಗೆ ಅಜ್ಜಿ ನೋಡಿಬಿಟ್ಟಳು.

"ಏನ್ಲಾ ಅದು ಲೋಟದಲ್ಲಿ?"

"ಜಾವಾದ ಕಸಾಯ ಕಣವ್ವ. ಪರದೇಸ ಇದು, ಇಲ್ಲಿ ಇದ್ನೇ ಕುಡೀಬೇಕಂತೆ."

ಅಜ್ಜಿ ಪೊರಕೆ ಹಿಡಿದು ತನ್ನ ಬಾಗಿಲು ಗುಡಿಸತೊಡಗಿದಳು. ಪರದೇಶದ ಕಟ್ಟಳೆಗೆ ಅವಳಾದರೂ ಏನು ಹೇಳಿಯಾಳು?

ಠಾಣೆಯಿಂದ ದಫೇದಾರರು ಬಂದದ್ದು ಅದೇ ವಾರ. ಯುದ್ಧದ ಕಾಲ, ಹೊರದೇಶಕ್ಕೆ ಹೋದವರ ವಿಚಾರ ತೆಗೆಯಬೇಕೆಂದು ಯಾರೋ ಮೇಲಿನವರು ಹೇಳಿದ್ದರಂತೆ. ಮೊದಲು ಎದುರು ಮನೆಗೆ ಹೋಗಿ ಕೇಳಿದರು. ಅಜ್ಜಿ, "ಜಾವಾದಲ್ಲವ್ನೆ," ಎಂದು ನಮ್ಮ ಮನೆಯ ಕಡೆ ಕೈ ತೋರಿಸಿದಳು. ದಫೇದಾರರು ಓಣಿ ದಾಟಿ ಬಂದರು.

"ನಿನ್ನ ಹೆಸರೇನಯ್ಯ?"

"ಮರಿಸಿದ್ದಯ್ಯ ಸ್ವಾಮಿ."

"ಮರಿಸಿದ್ದಯ್ಯ ಜಾವಾಕ್ಕೆ ಹೋಗಿದ್ದಾನಂತಲ್ಲ?"

"ಊಂ ಸ್ವಾಮಿ. ಓಗಿವ್ನಿ."

"ಯಾವಾಗ ಬರ್ತೀಯ?"

"ಯುದ್ದ ಮುಗುದ್ ಮ್ಯಾಲೆ."

"ಈಗ ಎಲ್ಲಿದ್ದೀಯ?"

"ಅದೇ ಸ್ವಾಮಿ ನನ್ಗೂ ಗೊತ್ತಾಯ್ತಾ ಇಲ್ಲ."

ದಫೇದಾರರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಜಗಲಿಯ ಮೇಲೆ ಕೂತು ನಮ್ಮಮ್ಮ ಕೊಟ್ಟ ಚಹಾ ಕುಡಿದರು. ಹೋಗುವಾಗ ಅಣ್ಣನನ್ನು ಪಕ್ಕಕ್ಕೆ ಕರೆದು, "ಇವನನ್ನು ಜಾವಾದಿಂದ ಆಚೆಗೆ ಬಿಡಬೇಡಿ," ಎಂದು ಹುಕುಂ ಮಾಡಿ ಹೋದರು. ಅಲ್ಲಿಗೆ ಸರಕಾರದ ಅಪ್ಪಣೆಯೂ ಸೇರಿತು.

ಗೌರಿ ಹಬ್ಬಕ್ಕೆ ಸೊಸೆಗೆ ಬಾಗಿನ ತಂದ ಶಿವಯ್ಯನಿಗೆ ಜಾವಾದ ಸಂಗತಿ ತಿಳಿದಿರಲಿಲ್ಲ. ಜಗಲಿಯ ಮೇಲೆ ಬೇವಿನ ಕಡ್ಡಿ ಜಗಿಯುತ್ತಿದ್ದ ಬೀಗನನ್ನು ಕಂಡು ನಿಂತ ಕಡೆಯೇ ನಿಂತ.

"ಯಾವಾಗ್ ಬಂದ್ರಿ ಬೀಗ್ರೆ?"

"ಬಂದಿಲ್ಲ ಕಣ್ರೀ, ಇನ್ನೂ ಅಲ್ಲೇ ಇವ್ನಿ."

ಎಲ್ಲ ಕೇಳಿಕೊಂಡ ಮೇಲೆ ಶಿವಯ್ಯ ನಕ್ಕು ಹಂಗಿಸಬಹುದೆಂದು ನಾವು ಕಾದೆವು. ಅವನು ನಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾನೂ ರಾಮೇಸ್ವರದ ದ್ವೀಪಕ್ಕೆ ದಾಟ್ನಿಲ್ಲ ಬೀಗ್ರೆ. ರೈಲಿನ್ ಸೇತುವೆ ನೋಡಿ ತಲೆ ತಿರುಗಿ, ಈಚೆ ದಡದಲ್ಲೇ ಕೂತಿದ್ದೆ. ಯಾರ್ಗೂ ಏಳ್ಬೇಡಿ," ಎಂದ. ಮರಿಸಿದ್ದಣ್ಣ ಯಾರಿಗೂ ಹೇಳಲಿಲ್ಲ, ನನಗೊಬ್ಬನಿಗೆ ಹೇಳಿದ. ನಾನೂ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಹಬ್ಬ ಮುಗಿದ ಕೆಲವು ದಿನಕ್ಕೆ, ಬೆಳಿಗ್ಗೆ ಓಣಿಯಲ್ಲಿ ಸೂಲಗಿತ್ತಿಯ ಓಡಾಟ ಶುರುವಾಯಿತು. ಮರಿಸಿದ್ದಣ್ಣ ನಮ್ಮ ಜಗಲಿಯ ಅಂಚಿಗೆ ಕಾಲ್ಬೆರಳು ಒತ್ತಿಕೊಂಡು ನಿಂತ. ಒಳಗೆ ಹೊಂಬಾಳಮ್ಮ ಅರಚುವುದು ಕೇಳುತ್ತಿತ್ತು. ಒಂದು ಸಲವಂತೂ "ಅಪ್ಪಾ" ಎಂದಳು. ಅವನ ಒಂದು ಕಾಲು ಓಣಿಗೆ ಇಳಿಯಿತು. ಎದುರು ಬಾಗಿಲಲ್ಲಿ ಅಜ್ಜಿ ಕೈ ಎತ್ತಿದಳು. ಕಾಲು ಮೇಲಕ್ಕೆ ಬಂತು. ಅವತ್ತು ನಮ್ಮಲ್ಲಿ ಯಾರೂ ತಮಾಷೆ ಮಾಡಲಿಲ್ಲ, ಅಣ್ಣ ಸುತ್ತಿಗೆ ಎತ್ತಲಿಲ್ಲ.

ಮಗುವಿನ ಅಳು ಕೇಳಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಹೊರಗೆ ಬಂದಳು.

"ಅವ್ವಾ, ಏನ್ ಮಗ?"

"ಎಣ್ಣು. ಇಬ್ರೂ ಚೆಂದಾಗವ್ರೆ."

"ಒಂದೇ ಒಂದ್ಸಲಿ ನೋಡ್ತೀನಿ ಕಣವ್ವ. ಬಾಗ್ಲಲ್ಲೇ ನಿಂತ್ಕೋತೀನಿ."

"ಬ್ಯಾಡ ಕಣ್ ಮಗಾ," ಎಂದಳು ಅಜ್ಜಿ. ಅವಳ ದನಿ ಗಡುಸಾಗಿರಲಿಲ್ಲ. ಹೆದರಿದ ದನಿ ಅದು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅಂದಿನಿಂದ ಮರಿಸಿದ್ದಣ್ಣ ಕಂಬದೊಡನೆ ಮಾತು ಬಿಟ್ಟ. ಮುದ್ದೆಯ ಬುಟ್ಟಿ ಬಂದ ಹಾಗೆಯೇ ವಾಪಸು ಹೋಗುತ್ತಿತ್ತು. ಮಗು ಅತ್ತಾಗಲೆಲ್ಲ ಎದ್ದು ಕೂರುತ್ತಿದ್ದ. ನಮ್ಮಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ಓಣಿಯ ನಡುವೆ ಹೋಗಿ ನಿಂತು ಸೊಂಟಕ್ಕೆ ಕೈ ಇಟ್ಟಳು.

"ಪಟ್ಟಲಮ್ಮಾ! ಬಾ ಈಚೆಗೆ. ನನ್ನ ಮನೇಲಿ ಒಬ್ಬ ಉಪವಾಸ ಇದ್ದಾನೆ. ಅವನ ಎದುರಿಗೆ ನಾನು ಹೇಗೆ ಉಣ್ಣಲಿ? ನಿನ್ನ ದೇವರು ನಿನ್ನ ಮಾತು ಕೇಳ್ತಾನೋ, ನೀನು ಅವನ ಮಾತು ಕೇಳ್ತೀಯೋ, ಅದು ನೀವು ನೀವು ನೋಡ್ಕೊಳ್ಳಿ. ಮಗೂನ ಏನು ಮಾಡ್ತೀಯ, ಅದು ಹೇಳು."

ಬಾಗಿಲು ತೆರೆಯಲಿಲ್ಲ. ಚಲುವಮ್ಮನ ಕೋಳಿ ಒಂದು ಸಲ ಕೂಗಿತು, ಅಷ್ಟೆ. ನಮ್ಮಮ್ಮ ಕಣ್ಣು ಒರೆಸಿಕೊಂಡು ಬಂದು ಒಲೆಯ ಮುಂದೆ ಕೂತಳು.

ಹೆಸರಿಡುವ ದಿನ ಬಂತು. ಎದುರು ಮನೆಗೆ ತಳಿರು ಕಟ್ಟಿದರು. ಪೂರಿಗಾಲಿಯವರು ಬಂದರು. ವಾಲಗದವರು ಜಾವಾದ ಕಡೆ ಬೆನ್ನು ಮಾಡಿ ಕೂತು ಊದಿದರು. ಮರಿಸಿದ್ದಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ. ಅಣ್ಣ ಮತ್ತು ನಾನು ಅವನ ಪಕ್ಕದಲ್ಲಿ ಕೂತಿದ್ದೆವು.

ವಾಲಗ ತಟಕ್ಕನೆ ನಿಂತಿತು. ನಾನು ಎದ್ದು ನೋಡಿದೆ. ಪಟ್ಟಲಮ್ಮಜ್ಜಿ ಮಗುವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಓಣಿಗೆ ಇಳಿದಿದ್ದಳು. ಹಿಂದೆ ಹೊಂಬಾಳಮ್ಮ, ಚಲುವಮ್ಮ, ಶಿವಯ್ಯ, ಬಂದ ನೆಂಟರೆಲ್ಲ. ಅಜ್ಜಿ ನಮ್ಮ ಜಗಲಿ ಹತ್ತಿದಳು. ಹೊಸಿಲ ಮುಂದೆ ಒಂದು ಕ್ಷಣ ನಿಂತಳು. ನಮ್ಮಮ್ಮ ಒಳಗಿನಿಂದ ನೋಡುತ್ತಿದ್ದಳು. ಅವಳು ಬಾ ಎನ್ನಲಿಲ್ಲ, ಅಷ್ಟು ವರ್ಷದ ರೂಢಿ. ಅಜ್ಜಿ ಬಲಗಾಲಿಟ್ಟು ಒಳಗೆ ಬಂದಳು.

ಮರಿಸಿದ್ದಣ್ಣ ಎದ್ದು ಗೋಡೆಗೆ ಅಂಟಿಕೊಂಡ. "ಅವ್ವಾ! ಏನವ್ವ ಇದು?"

"ನೀನು ಬರಂಗಿಲ್ಲ ಅಂದಿದ್ದೆ," ಎಂದಳು ಅಜ್ಜಿ. "ನಾನು ಬರಂಗಿಲ್ಲ ಅಂತ ಯಾವತ್ತಾರ ಅಂದಿದ್ನಾ? ದೂರದ ಯಾತ್ರೆಗೆ ಓದೋರ್ನ ಮನೆಯೋರು ಬಂದು ಎದುರ್ಗೊಳ್ಳಾದಿಲ್ವಾ? ಊರೆಲ್ಲ ಇದ್ನೇ ಜಾವಾ ಅಂತದೆ, ನಿನ್ ಯಾತ್ರೆ ಮುಗೀತು, ಎದುರ್ಗೊಳ್ಳಾಕ್ ಬಂದಿವ್ನಿ. ಇಡ್ಕೊ ಮೊಮ್ಮಗೀನ."

ಮಗುವನ್ನು ಅವನ ತೋಳಿಗಿಟ್ಟಳು. ಮರಿಸಿದ್ದಣ್ಣ ಗೊಳೋ ಎಂದು ಅತ್ತ. ಅಣ್ಣನೂ ಅತ್ತ, ಆಮೇಲೆ ಒಲೆಯ ಹೊಗೆ ಎಂದ. ಅಂದು ಒಲೆ ಹಚ್ಚಿರಲೇ ಇಲ್ಲ. ಹೆಸರೇನೆಂದು ಶಿವಯ್ಯ ಕೇಳಿದಾಗ ಮರಿಸಿದ್ದಣ್ಣ ಬಿಕ್ಕುತ್ತಲೇ "ಜಾವಮ್ಮ" ಎಂದ. ಇಡೀ ಓಣಿ ಒಂದೇ ದನಿಯಲ್ಲಿ ಬೇಡವೆಂದು ಕೂಗಿತು. ಮಲ್ಲಿಗಮ್ಮ ಎಂದು ನಮ್ಮ ಪಡಸಾಲೆಯಲ್ಲೇ ಹೆಸರಿಟ್ಟರು.

ವಾಲಗ ಮತ್ತೆ ಶುರುವಾಯಿತು. ಮೊಮ್ಮಗುವನ್ನು ಎತ್ತಿಕೊಂಡು ಮರಿಸಿದ್ದಣ್ಣ ಸಮುದ್ರ ದಾಟಿದ. ಜನವೆಲ್ಲ ಅವನ ಹಿಂದೆ ಹೋಯಿತು. ಚಲುವಮ್ಮ ಆರತಿ ಎತ್ತಿ, ಅಷ್ಟು ದಿನದ ಮೇಲೆ ಮೊದಲ ಸಲ ಗಂಡನಿಗೇ ನೇರವಾಗಿ, "ಎಂಗಿತ್ತು ಜಾವಾ?" ಎಂದು ಕೇಳಿದಳು. "ಊರೇನೋ ಚೆಂದಾಗೈತೆ. ಅಡಗಲ್ಲಿ ತಲೆ ತಿರುಗ್ತು ಕಣೆ, ಮೊದ್ಲು ಚೂರು ಮಜ್ಜಿಗೆ ಕೊಡು," ಎಂದ ಮರಿಸಿದ್ದಣ್ಣ.

ನಕ್ಕು ನಕ್ಕು ಸಾಕಾಗಿ ನಾನು ಮನೆಗೆ ಬಂದೆ. ಪಟ್ಟಲಮ್ಮಜ್ಜಿ ಇನ್ನೂ ನಮ್ಮ ಪಡಸಾಲೆಯಲ್ಲೇ, ಮಗನ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನಮ್ಮಮ್ಮ ಅವಳ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅಜ್ಜಿ, ಎಲ್ಲಾರೂ ಹೋದ್ರು. ಆರತಿ ಆಯ್ತು. ನೀವು ಬರಲ್ವಾ?" ಎಂದೆ.

ಅಜ್ಜಿ ನಮ್ಮ ಜಂತೆಯನ್ನೂ ಗೂಡನ್ನೂ ಒಲೆಯನ್ನೂ ಒಂದೊಂದಾಗಿ ನೋಡುತ್ತ, "ಓಗಯ್ಯ, ಏನವಸ್ರ?" ಎಂದಳು. "ನಾನಿನ್ನೂ ಈಗ ಬಂದಿವ್ನಿ."